ಟಗರುಮರಿ ಮಾರಾಟ: ಜೋಡಿ ರೇಟು, ಕೆಜಿ ರೇಟು, ಸಂತೆ ರೇಟು – ಹೋಲಿಸುವುದು ಹೇಗೆ?

ಹಟ್ಟಿಬಾಗಿಲು (ಶಿರಾ ತಾಲ್ಲೂಕು) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಾರಾಟಕ್ಕೆ 18 ಟಗರುಮರಿ ಇವೆ. ಎಲ್ಲಾ ಹಾಲುಹಲ್ಲು, ಐದೂವರೆಯಿಂದ ಆರು ತಿಂಗಳು, ಬಳ್ಳಾರಿ ಕಡೆಯ ನಾಟಿ ತಳಿ. ದೊಡ್ಡದು ಚಿಕ್ಕದು ಸೇರಿಸಿ ಕೆಲವನ್ನು ತೂಗಿದ್ದಕ್ಕೆ 18ರಿಂದ 23 ಕೆಜಿ ಬಂತು, ಸರಾಸರಿ 20 ಅಂತ ಇಟ್ಟುಕೊಳ್ಳಿ. ಇದರ ಜೊತೆ 6 ಹೆಣ್ಣುಮರಿ, 4 ಹಳೇ ಕುರಿಗಳನ್ನೂ ಕೊಡೋದಿದೆ.

ಟಗರುಮರಿಗೆ ಮೂರು ಥರ ರೇಟು ಬಂದಿದೆ. ಮನೆ ಬಾಗಿಲಿಗೆ ಬಂದ ವ್ಯಾಪಾರಿ 18ನ್ನೂ ಒಟ್ಟಿಗೆ ತಗೊಂಡು ಜೋಡಿಗೆ 14,000 ಕೊಡ್ತೀನಿ ಅಂತಾನೆ. ಇನ್ನೊಬ್ಬರು ತೂಕದ ಮೇಲೆ ಕೆಜಿಗೆ 360 ಅಂತಾರೆ, ಆದರೆ ಮರಿಗಳನ್ನು ಅವರ ಶೆಡ್‌ಗೆ ತಂದು ಕೊಡಬೇಕು, ತೂಗೋದು ಮಾರನೇ ದಿನ ಬೆಳಿಗ್ಗೆ. ಹೋದ ವಾರ ಸಂತೆಗೆ ಹೋಗಿದ್ದವರು ಇದೇ ವಯಸ್ಸಿನ ಜೋಡಿ 16,500ಕ್ಕೆ ಹೋಯ್ತು ಅಂತ ಹೇಳ್ತಿದ್ದಾರೆ. ಮೊಬೈಲ್‌ನಲ್ಲಿ ಮಾರುಕಟ್ಟೆ ಧಾರಣೆ ನೋಡಿದರೆ ಕುರಿಗೆ ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ನಾಲ್ಕು ಪಟ್ಟು ವ್ಯತ್ಯಾಸ. ಇದರಲ್ಲಿ ಯಾವುದು ನಿಜವಾದ ಬೆಲೆ? ಸಂತೆಗೆ ಹೊಡೆದುಕೊಂಡು ಹೋಗೋದೇ ಲಾಭವಾ? ಲೆಕ್ಕ ಹಾಕುವ ಕ್ರಮ ಗೊತ್ತಿರೋರು ಹೇಳಿ.

ಕಣ್ಣಳತೆ

ಅಣ್ಣ, ನಿಮಗೆ ಬಂದಿರೋದು ಮೂರು ರೇಟಲ್ಲ, ಹತ್ತಿರ ಹತ್ತಿರ ಒಂದೇ ರೇಟು. ಮೂರನ್ನೂ ಕೆಜಿಗೆ ಇಳಿಸಿ, ಹಟ್ಟಿಯಲ್ಲಿ ನಿಮ್ಮ ಕೈಗೆ ಎಷ್ಟು ಉಳಿಯುತ್ತೆ ನೋಡಿ.

ಮೊದಲನೇದು: ಜೋಡಿ 14,000 ಅಂದರೆ ಒಂದಕ್ಕೆ 7,000. ಸರಾಸರಿ 20 ಕೆಜಿ, ಕೆಜಿಗೆ 350 ಬಿತ್ತು. ಖರ್ಚು ಏನೂ ಇಲ್ಲ, ಗಾಡಿ ಅವರದು.

ಎರಡನೇದು ಕೇಳೋಕೆ ಜಾಸ್ತಿ. ಆದರೆ ನಿಮ್ಮ 20 ಕೆಜಿ ಮೇಯ್ದು ನೀರು ಕುಡಿದ ಹೊಟ್ಟೆಯ ತೂಕ. ಗಾಡಿಯಲ್ಲಿ ಹೋಗಿ, ರಾತ್ರಿಯೆಲ್ಲ ಮೇವು ನೀರಿಲ್ಲದೆ ನಿಂತರೆ ಬೆಳಿಗ್ಗೆ ನೂರಕ್ಕೆ ಐದಾರು ಭಾಗ ಕರಗಿರುತ್ತೆ. 20 ಕೆಜಿ ಮರಿ 18.9 ತೂಗುತ್ತೆ. 18.9 × 360 = 6,804. ಅದರಲ್ಲಿ ಗಾಡಿ ಬಾಡಿಗೆ ಕಳೆಯಿರಿ. ಅಂದರೆ 350ರ ರೇಟಿಗಿಂತ 360ರ ರೇಟು ಕಮ್ಮಿ ಕೊಡ್ತಿದೆ. ಅವರು ಮೋಸ ಮಾಡ್ತಿದ್ದಾರೆ ಅಂತಲ್ಲ. ಖಾಲಿ ಹೊಟ್ಟೆ ತೂಕಕ್ಕೆ ರೇಟು ಜಾಸ್ತಿ, ತುಂಬಿದ ಹೊಟ್ಟೆಗೆ ಕಮ್ಮಿ, ತೂಕದ ವ್ಯಾಪಾರದ ರೀತಿಯೇ ಅದು. ರೇಟು ಮಾತಾಡೋಕೆ ಮುಂಚೆ ಯಾವಾಗ ತೂಗ್ತೀರಿ ಅಂತ ಕೇಳಿ. ನಿಮ್ಮ ಹಟ್ಟಿಯಲ್ಲೇ, ಬೆಳಿಗ್ಗೆ ಮೇಯಲು ಬಿಡುವ ಮುಂಚೆ ತೂಗೋದಾದರೆ ಇಬ್ಬರಿಗೂ ನ್ಯಾಯ. ಆಗ 360 ಒಳ್ಳೇ ರೇಟೇ.

ಮೂರನೇದರಲ್ಲಿ ಒಂದು ಪ್ರಶ್ನೆ ಬಾಕಿ ಇದೆ: 16,500ಕ್ಕೆ ಹೋಗಿದ್ದು ಎಂಥ ಜೋಡಿ? ಸಂತೆಯಿಂದ ಊರಿಗೆ ಬರೋ ಸುದ್ದಿ ಯಾವಾಗಲೂ ಮಂದೆಯ ಮುಂದಿನ ಜೋಡಿಯದು. ಹಿಂದಿನ ಜೋಡಿ ಎಷ್ಟಕ್ಕೆ ಹೋಯ್ತು ಅಂತ ಯಾರೂ ಹೇಳಲ್ಲ. ಅವು 23 ಕೆಜಿ ಮರಿಗಳಾಗಿದ್ದರೆ 8,250ನ್ನು 23ರಿಂದ ಭಾಗಿಸಿ, ಕೆಜಿಗೆ 359 ಬರುತ್ತೆ. ಅದೇ ರೇಟಿಗೆ ನಿಮ್ಮ 20 ಕೆಜಿ ಮರಿ 7,180. ಈಗ ಖರ್ಚು ಕಳೆಯಿರಿ. ಗಾಡಿ 2,500 ಅಂದುಕೊಂಡರೆ 18 ಮರಿಗೆ ತಲಾ 139, ದಲ್ಲಾಳಿಗೆ 100, ಸುಂಕ 30. ಸುಮಾರು 270 ಆಯ್ತು. ಕೈಗೆ 6,910. ಗಾಡಿ, ದಲ್ಲಾಳಿ, ಸುಂಕ ಊರಿಂದ ಊರಿಗೆ ಬೇರೆ, ನಿಮ್ಮ ಅಂಕಿ ಹಾಕಿಕೊಳ್ಳಿ.

ಹಾಗಾಗಿ ಸಂತೆಗೆ ಹೋಗೋದಾದರೆ ಮನಸ್ಸಲ್ಲಿ ಇಟ್ಟುಕೊಳ್ಳಬೇಕಾದ ಸಂಖ್ಯೆ 7,000 + 270 = 7,270. ಹದಿನೆಂಟರ ಸರಾಸರಿ ಅದಕ್ಕಿಂತ ಮೇಲೆ ಬರಬೇಕು, ಅಂದರೆ ಒಟ್ಟು ದುಡ್ಡು 1,30,860 ದಾಟಬೇಕು. ಅದಕ್ಕಿಂತ ಕಮ್ಮಿಯಾದರೆ ಮನೆ ಬಾಗಿಲಿನ 14,000 ಬಿಟ್ಟು ಹೋಗಿದ್ದಕ್ಕೆ ಅರ್ಥವಿಲ್ಲ. ಆದರೆ ಅದಕ್ಕೂ ಎರಡು ಷರತ್ತು: ಹದಿನೆಂಟೂ ಮಾರಾಟ ಆಗಬೇಕು, ದುಡ್ಡು ಗಾಡಿ ಹತ್ತಿಸುವ ಮುಂಚೆ ಪೂರ್ತಿ ಬರಬೇಕು.

ಮಾಂಸದಂಗಡಿ ಲೆಕ್ಕ

ಮೇಲಿನವರ ಲೆಕ್ಕ ಸರಿ ಇದೆ. ನಾನು ಕೊಳ್ಳೋರ ಕಡೆಯಿಂದ ಹೇಳ್ತೀನಿ. ಯಾಕೆಂದರೆ ಯಾರು ಕೊಳ್ತಾರೆ ಅನ್ನೋದರ ಮೇಲೆ ಮರಿಯ ಬೆಲೆ ನಿಲ್ಲುತ್ತೆ.

ಮಟನ್ ಅಂಗಡಿಯವರ ಲೆಕ್ಕ ಹಿಂದಿನಿಂದ ಮುಂದಕ್ಕೆ ಬರುತ್ತೆ. ನಾಟಿ ಕುರಿಯಲ್ಲಿ ಜೀವಂತ ತೂಕದ ನೂರಕ್ಕೆ 45ರಿಂದ 50 ಭಾಗ ಮಾಂಸ ಸಿಗುತ್ತೆ. ಅಂಗಡಿಯಲ್ಲಿ ಕೆಜಿ ಮಟನ್ 750 ಅಂತ ಇಟ್ಟುಕೊಂಡು ನೋಡಿ. 30 ಕೆಜಿಯ ಚೆನ್ನಾಗಿ ಮೇಯ್ದ ಟಗರು ನೂರಕ್ಕೆ 48ರಂತೆ 14.4 ಕೆಜಿ ಬೀಳುತ್ತೆ, 10,800 ರೂಪಾಯಿ. ತಲೆ, ಕಾಲು, ಬೋಟಿ ಸೇರಿ ಇನ್ನೊಂದು 1,000. ಚರ್ಮಕ್ಕೆ ಈಗ ಹೇಳಿಕೊಳ್ಳೋ ಬೆಲೆ ಇಲ್ಲ, ಅದನ್ನು ಬಿಡಿ. ಒಟ್ಟು 11,800ರಲ್ಲಿ ಸಾಗಾಣಿಕೆ, ಕೊಯ್ಯೋ ಕೂಲಿ, ಅಂಗಡಿ ಖರ್ಚು, ಲಾಭ ಎಲ್ಲಾ ಸೇರಿ 1,900 ತೆಗೆದರೆ 9,900. ಕೆಜಿಗೆ 330.

ಅದೇ ಲೆಕ್ಕದಲ್ಲಿ ನಿಮ್ಮ 20 ಕೆಜಿ ಮರಿ: ಎಳೆ ಮರಿ, ನೂರಕ್ಕೆ 46 ಹಿಡಿದರೆ 9.2 ಕೆಜಿ, 6,900 ರೂಪಾಯಿ. ತಲೆ ಕಾಲು ಬೋಟಿ 900. ಕೊಯ್ಯೋ ಕೂಲಿ, ಬಾಡಿಗೆ ಎಲ್ಲಾ ತಲೆ ಲೆಕ್ಕ, ಮರಿ ಚಿಕ್ಕದು ಅಂತ ಅರ್ಧ ಆಗಲ್ಲ, 1,500 ಆದರೂ ತೆಗೀಬೇಕು. ಉಳಿದಿದ್ದು 6,300, ಕೆಜಿಗೆ 315.

ಈಗ ಗಮನಿಸಿ, ನಿಮಗೆ ಬಂದ ಮೂರೂ ರೇಟು 350ರ ಆಸುಪಾಸಿನಲ್ಲಿವೆ. ಮಾಂಸಕ್ಕೆ ತಗೊಳ್ಳೋರಿಗೆ ಆ ರೇಟು ಗಿಟ್ಟಲ್ಲ. ಅಂದರೆ ನಿಮ್ಮ ಮರಿ ಹೋಗ್ತಿರೋದು ಸಾಕೋರಿಗೆ. ನಾಲ್ಕಾರು ತಿಂಗಳು ಕಟ್ಟಿ ಮೇಯಿಸಿ 35–40 ಕೆಜಿ ಮಾಡಿ ಬಕ್ರೀದ್‌ಗೆ ಕೊಡುವವರಿಗೆ. ಅವರು ಕೊಡೋದು ಈಗಿರೋ ಮಾಂಸಕ್ಕಲ್ಲ, ಮುಂದೆ ಬೆಳೆಯೋ ಮೈಗೆ. ಚಿಕ್ಕ ಮರಿಗೆ ಕೆಜಿ ಲೆಕ್ಕದಲ್ಲಿ ದೊಡ್ಡ ಟಗರಿಗಿಂತ ಜಾಸ್ತಿ ಬೀಳೋದು ಇದಕ್ಕೇ.

ಇದರಿಂದ ಎರಡು ವಿಷಯ ಹೊರಡುತ್ತೆ. ಸಾಕೋರು ಬೆನ್ನಿನ ಕೊಬ್ಬು ನೋಡಲ್ಲ, ಮೈಯುದ್ದ, ಕಾಲಿನ ಎಲುಬಿನ ದಪ್ಪ, ಕೊಂಬಿನ ಬುಡ, ಹಲ್ಲು, ಕಿವಿ ನೋಡ್ತಾರೆ. ಕಿವಿ ಬಗ್ಗೆ ಒತ್ತಿ ಹೇಳ್ತೀನಿ. ಗುರುತಿಗೆ ಅಂತ ಕಿವಿಯನ್ನು ದೊಡ್ಡದಾಗಿ ಕತ್ತರಿಸೋ ಪದ್ಧತಿ ಹಟ್ಟಿಗಳಲ್ಲಿದೆ. ಕುರ್ಬಾನಿಗೆ ಅಂಗ ಊನ ಇರಬಾರದು. ಕಿವಿ ಗಣನೀಯವಾಗಿ ಕಡಿದಿದ್ದರೆ, ಕೊಂಬು ಬುಡದಿಂದ ಮುರಿದಿದ್ದರೆ, ಕುಂಟಿದರೆ, ಒಂದು ಕಣ್ಣು ಹೋಗಿದ್ದರೆ ಆ ಮರಿ ಬಕ್ರೀದ್ ಸಾಲಿನಿಂದ ಹೊರಬಿದ್ದು ಮಾಂಸದ ರೇಟಿಗೆ ಇಳಿಯುತ್ತೆ. ಮೇಲಿನ ಲೆಕ್ಕದಲ್ಲಿ 350ರಿಂದ 315, ಮರಿಗೆ 700 ರೂಪಾಯಿ ಹೋಯ್ತು. ಗಂಡುಮರಿಗೆ ಬಣ್ಣದ ಗುರುತು ಸಾಕು, ಕತ್ತರಿ ಬೇಡ.

ಎರಡನೇದು ಕಾಲ. ಬಕ್ರೀದ್ ಚಾಂದ್ರಮಾನದ ಹಬ್ಬ, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಸಾಕೋರು ಮರಿ ಕಟ್ಟೋದು ಹಬ್ಬಕ್ಕೆ ನಾಲ್ಕರಿಂದ ಎಂಟು ತಿಂಗಳು ಮುಂಚೆ. ಹಬ್ಬಕ್ಕೆ ಎರಡು ತಿಂಗಳಿದ್ದಾಗ 20 ಕೆಜಿ ಹಾಲುಹಲ್ಲಿನ ಮರಿ ಹೊಡ್ಕೊಂಡು ಹೋದರೆ ಅದು ಬೆಳೆಯೋಕೆ ಹೊತ್ತಿಲ್ಲ, ಸಾಕೋರು ಕೈ ಹಾಕಲ್ಲ, ಮಾಂಸದ ರೇಟೇ ಗತಿ. ಮಾಂಸಕ್ಕಾದರೆ ಹಳೇ ಮೈಸೂರು ಕಡೆ ಯುಗಾದಿ ಮಾರನೇ ದಿನದ ಹೊಸತೊಡಕು, ಮಹಾಲಯ ಅಮಾವಾಸ್ಯೆ, ಊರ ಜಾತ್ರೆಗಳು ಏರಿಸ್ತವೆ. ಶ್ರಾವಣ ಬಂದರೆ ಇಳಿಯುತ್ತೆ.

ಮಲಪ್ರಭಾ ದಂಡಿ

ಲೆಕ್ಕ ಎಲ್ಲಾ ಛಲೋ ಹೇಳ್ಯಾರ. ಸಂತ್ಯಾಗ ಆ ಲೆಕ್ಕ ಎಲ್ಲಿ ತಪ್ಪತೈತಿ ಅನ್ನೂದು ನಾ ಹೇಳ್ತೀನ್ರಿ. ನಮ್ಮ ಕಡೆ ಅಮೀನಗಡ, ಕೆರೂರ, ನಿಮ್ಮ ಕಡೆ ಅಕ್ಕಿರಾಂಪುರ, ಎಲ್ಲಾ ಕಡೆ ಪದ್ಧತಿ ಅಷ್ಟಿಷ್ಟು ಇದೇ ಇರ್ತೈತಿ. ಕೂಗಿ ಹರಾಜು ಮಾಡೂದಿಲ್ಲ. ದಲ್ಲಾಳಿ ನಡುವ ನಿಂತು ಒಬ್ಬೊಬ್ಬರ ಕೂಡ ಮಾತಾಡ್ತಾನ, ಕಣ್ಣಂದಾಜಿನ ಮ್ಯಾಲೆ ಜೋಡಿ ರೇಟ ಕಡೀತಾನ. ಬಾಜೂದ ಜೋಡಿ ಎಷ್ಟಕ್ಕ ಹೋತು ಅನ್ನೂದು ನಿಮಗ ಕೇಳಸೂದಿಲ್ಲ. ಅದಕ್ಕ ಹೋದ ಕೂಡ್ಲೆ ಕುರಿ ಇಳಿಸಿ ರೇಟ ಹೇಳಾಕ ಹೋಗಬ್ಯಾಡ್ರಿ. ಒಬ್ಬರು ಕುರಿ ಹಂತ್ಯಾಕ ನಿಲ್ಲರಿ, ಒಬ್ಬರು ಅರ್ಧ ತಾಸು ತಿರಗ್ರಿ. ಹೇಳೂ ರೇಟ ಕೇಳಬ್ಯಾಡ್ರಿ, ಕೊಟ್ಟು ಹೊಂಟವರನ್ನ ಕೇಳ್ರಿ, ರೊಕ್ಕ ಎಣಿಸಿದ ಜೋಡಿ ನೋಡ್ರಿ. ದೂರದ ಲಾರಿ ಎಷ್ಟು ನಿಂತಾವ, ಕುರಿ ಎಷ್ಟು ಬಂದಾವ ಅನ್ನೂದನ್ನೂ ನೋಡ್ರಿ. ಕುರಿ ಬಾಳ, ಲಾರಿ ಕಡಿಮಿ ಇದ್ದರ ಆ ದಿನ ಹಗ್ಗ ಜಗ್ಗಬ್ಯಾಡ್ರಿ.

ದೊಡ್ಡ ವ್ಯಾಪಾರಸ್ಥರು ನಸುಕಿನ್ಯಾಗ ಬರ್ತಾರ, ಮೊದಲಿನ ಎರಡು ತಾಸಿನ್ಯಾಗ ಲಾರಿ ತುಂಬಸ್ತಾರ. ಬಿಸಲೇರಿದ ಮ್ಯಾಲೆ ಉಳಿಯೂದು ಊರ ಅಂಗಡಿಯವರು, ಮತ್ತ ಅಲ್ಲೇ ತಗೊಂಡು ಅಲ್ಲೇ ಮಾರೂ ಮಂದಿ. ಆ ಹೊತ್ತಿಗೆ ನಿಮ್ಮ ಮರಿ ಪಕ್ಕಿ ಒಳಗ ಹೋಗಿರ್ತಾವ, ತಲಿ ಇಳೇ ಬಿಟ್ಟಿರ್ತಾವ, ನೋಡಾಕ ಎರಡ ಕೆಜಿ ಕಡಿಮಿ ಕಾಣ್ತಾವ. ಕಣ್ಣಂದಾಜಿನ ವ್ಯಾಪಾರದಾಗ ಕಾಣೂದೇ ತೂಕ.

ಬಾಳ ಮಂದಿ ಕಳಕೊಳ್ಳೂದು ಆರಿಸೂದರಾಗ. ನಿಮ್ಮವು ಹದಿನೆಂಟು. ಒಬ್ಬಾಂವ ಬಂದು ಮುಂದಿನ ಆರು ಮರಿ ಕೈ ಹಾಕಿ ಜೋಡಿಗೆ 15,500 ಅಂತಾನ. ಜಾಸ್ತಿ ಸಿಕ್ಕಿತು ಅಂತ ಕೊಟ್ಟರ ಉಳದ ಹನ್ನೆರಡರ ಮಾರಿ ಯಾರೂ ನೋಡೂದಿಲ್ಲ, ಜೋಡಿಗೆ 12,500ಕ್ಕ ಬರ್ತಾವ. ಕೂಡಿಸಿ ನೋಡ್ರಿ: ಮೂರು ಜೋಡಿ 46,500, ಆರು ಜೋಡಿ 75,000, ಒಟ್ಟು 1,21,500. ಒಟ್ಟಿಗೆ 14,000ದಂಗ ಕೊಟ್ಟಿದ್ದರ 1,26,000 ಆಗ್ತಿತ್ತು. ಹಂಗಂತ ಎಲ್ಲಾ ಕೂಡಿಸಿ ಕಟ್ಟೂದೂ ತಪ್ಪು. 18 ಕೆಜಿದೂ 23 ಕೆಜಿದೂ ಒಂದ ಗುಂಪಿನ್ಯಾಗ ಇದ್ದರ ವ್ಯಾಪಾರಸ್ಥನ ಕಣ್ಣು ಸಣ್ಣದರ ಮ್ಯಾಲೇ ಇರ್ತೈತಿ. ಮನಿಯಾಗೇ ತೂಗಿ ಎರಡು ಗುಂಪು ಮಾಡ್ರಿ, ಒಳಗ ಎರಡು ಕೆಜಿಗಿಂತ ಹೆಚ್ಚಿನ ಫರಕ ಬ್ಯಾಡ. ಗುಂಪಿನ ರೇಟ ಗುಂಪಿಗೆ, ಆರಿಸಿದರ ಬ್ಯಾರೆ ರೇಟ ಅಂತ ಮೊದಲ ಹೇಳಿಬಿಡ್ರಿ.

ಹೆಣ್ಣಮರಿ, ಮುದಿ ಕುರಿ ಇದರಾಗ ಕೂಡಸಲೇಬ್ಯಾಡ್ರಿ. “ಎಲ್ಲಾ ಸೇರಿ ಸರಾಸರಿ ಹಚ್ಚೂಣು” ಅಂದರ ಟಗರಿನ ರೇಟ ಕೆಳಗ ಬಂತು ಅಂತ ತಿಳೀರಿ.

ಕೈಯಾಗ ಸಾವಿರ ಎರಡ ಸಾವಿರ ಮುಂಗಡ ತುರುಕಿ ಹಿಂದಿಂದ ಒಂದ ಮರಿ ಕುಂಟತೈತಿ, ಒಂದಕ್ಕ ಮೂಗು ಸೋರತೈತಿ ಅಂತ ರೇಟ ಮುರಿಯೂ ಮಂದಿ ಇರ್ತಾರ. ಮಾತು ಮುಗಿಯೂ ಮುಂಚೆ ಎಲ್ಲಾ ಮರಿ ಕೈ ಹಚ್ಚಿ ನೋಡಸ್ರಿ, ಆಮ್ಯಾಲೆ ಮುಂಗಡ ಹಿಡೀರಿ. ಉದ್ರಿ ಬ್ಯಾಡೇ ಬ್ಯಾಡ. ಮುಂದಿನ ಸಂತಿಗೆ ಕೊಡ್ತೀನಿ ಅಂದವನ ಜೋಡಿ ರೇಟ 500 ಹೆಚ್ಚ ಇದ್ದರೂ ಅದು ರೇಟ ಅಲ್ಲ. ದಲ್ಲಾಳಿ ರೊಕ್ಕಾನೂ ಮೊದಲ ಗಟ್ಟಿ ಮಾಡ್ಕೋರಿ, ಜೋಡಿಗೋ ಒಂದಕ್ಕೋ ಅಂತ ಬಾಯಿಬಿಟ್ಟು ಕೇಳ್ರಿ. ಸುಂಕದ ಪಾವತಿ ಹರಿಸ್ಕೊಂಡು ಕಿಸೇದಾಗ ಇಟ್ಕೋರಿ, ಹೊರಗ ಗೇಟಿನ್ಯಾಗ ಕೇಳ್ತಾರ.

ಪಶುಮಿತ್ರ

ಆನ್‌ಲೈನ್ ಧಾರಣೆ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಕುರಿಗೆ ಬರುವುದು ತಲೆಯೊಂದರ ಬೆಲೆ, ಕೆಜಿಯದಲ್ಲ. ಅದೇ ಸಾಲಿನಲ್ಲಿ ಹತ್ತು ಕೆಜಿಯ ಮರಿಯೂ ಇದೆ, ನಲವತ್ತು ಕೆಜಿಯ ಟಗರೂ ಇದೆ. ಹಾಗಾಗಿ ಕನಿಷ್ಠ, ಗರಿಷ್ಠ ಎರಡೂ ನಿಮ್ಮ ಮರಿಗೆ ಸಂಬಂಧವಿಲ್ಲ. ಮಾದರಿ ಬೆಲೆ ಎಂದರೆ ಆ ದಿನ ಹೆಚ್ಚು ವಹಿವಾಟು ನಡೆದ ಬೆಲೆ. ಅದೊಂದನ್ನು, ಅದೂ ಒಂದೇ ಮಾರುಕಟ್ಟೆಯದನ್ನು, ನಾಲ್ಕೈದು ವಾರ ಬರೆದಿಟ್ಟುಕೊಂಡರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಅಷ್ಟಕ್ಕೆ ಅದು ಉಪಯೋಗ. ಅದನ್ನು ತೋರಿಸಿ ರೇಟು ಕೇಳಲು ಬರುವುದಿಲ್ಲ.

ತೂಕದ ವಿಷಯ. ಕೆಲವು ಮರಿ ಮಾತ್ರ ತೂಗಿ ಸರಾಸರಿ ಹಿಡಿದಿದ್ದೀರಿ, ಹದಿನೆಂಟನ್ನೂ ತೂಗಿ. ಸರಾಸರಿಯಲ್ಲಿ ಒಂದು ಕೆಜಿ ತಪ್ಪಿದರೆ 350ರಂತೆ ಒಟ್ಟು 6,300 ರೂಪಾಯಿ ತಪ್ಪುತ್ತದೆ, ಒಂದು ನೇತಾಡುವ ಡಿಜಿಟಲ್ ತಕ್ಕಡಿಗೆ ಅಷ್ಟಾಗುವುದಿಲ್ಲ. ಮರಿಯನ್ನು ಗೋಣಿಚೀಲದ ಜೋಲಿಯಲ್ಲಿ ಹೊಟ್ಟೆಯಡಿ ಎತ್ತಿ, ಮೊದಲು ಬರೀ ಜೋಲಿ ನೇತುಹಾಕಿ ಸೊನ್ನೆ ಮಾಡಿಕೊಳ್ಳಿ. ತಕ್ಕಡಿ ಸರಿಯಿದೆಯೇ ಎಂದು ಬಿಚ್ಚದ 50 ಕೆಜಿ ಸಿಮೆಂಟ್ ಚೀಲ ಅಥವಾ 45 ಕೆಜಿ ಯೂರಿಯಾ ಚೀಲ ತೂಗಿ ನೋಡಬಹುದು. ಕೊಳ್ಳುವವರ ತಕ್ಕಡಿಯಾದರೆ ನೀವು ತೂಗಿ ಗೊತ್ತಿರುವ ಮರಿಯನ್ನೇ ಮೊದಲು ಏರಿಸಿ.

ತಕ್ಕಡಿ ಸಿಗದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ, ಅದನ್ನು 10,838ರಿಂದ ಭಾಗಿಸಿ. ಸುತ್ತಳತೆ 62, ಉದ್ದ 56 ಇದ್ದರೆ 19.9 ಕೆಜಿ. ಉಣ್ಣೆ ಬೆಳೆದಿದ್ದರೆ ಒತ್ತಿ ಹಿಡಿದು ಅಳೆಯಿರಿ. ಸುತ್ತಳತೆ ಎರಡು ಬಾರಿ ಗುಣಿಸುವುದರಿಂದ ಅಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ 20 ಕೆಜಿ ಮರಿಯಲ್ಲಿ ಒಂದು ಕೆಜಿಗೂ ಮೀರಿ ತಪ್ಪುತ್ತದೆ.

ಮಾರುವ ಹಿಂದಿನ ದಿನ ಉಪ್ಪು ತಿನ್ನಿಸಿ ನೀರು ಕುಡಿಸುವುದು, ಕಾಳು ಹೊಟ್ಟೆ ತುಂಬ ಕೊಡುವುದು ದಯವಿಟ್ಟು ಮಾಡಬೇಡಿ. ಉಬ್ಬಿದ ಎಡಪಕ್ಕೆ ವ್ಯಾಪಾರಿಗೆ ತಕ್ಷಣ ಕಾಣುತ್ತದೆ, ಅವನು ಬೆನ್ನು ಒತ್ತಿ ನೋಡಿಯೇ ರೇಟು ಹೇಳುವುದು. ಅದಕ್ಕಿಂತ ಮುಖ್ಯವಾಗಿ, ಕಾಳು ಅಭ್ಯಾಸವಿಲ್ಲದ ಮರಿ ಹಠಾತ್ತನೆ ತಿಂದರೆ ಹೊಟ್ಟೆ ಹುಳಿಯಾಗಿ ಅಥವಾ ಕರುಳುಬೇನೆ ಬಂದು ರಾತ್ರಿಯೇ ಸಾಯುತ್ತದೆ.

ಹಟ್ಟಿಬಾಗಿಲು

ಎಲ್ಲರಿಗೂ ತುಂಬಾ ಧನ್ಯವಾದ. ಹದಿನೆಂಟನ್ನೂ ತೂಗಿ ಎರಡು ಗುಂಪು ಮಾಡ್ತೀನಿ. ಇನ್ನೆರಡು ಕೇಳೋದಿದೆ. ಬಕ್ರೀದ್‌ಗೆ ಇನ್ನೂ ಆರು ತಿಂಗಳಿದೆ. ಇವನ್ನೇ ಎರಡು ತಿಂಗಳು ಮೇಯಿಸಿ ಕೊಟ್ಟರೆ ಹೇಗೆ? ಮತ್ತೆ ಆ ಹೆಣ್ಣುಮರಿ, ಹಳೇ ಕುರಿಗೆ ಇದೇ ಲೆಕ್ಕ ನಡೆಯುತ್ತಾ?

ಪಶುಮಿತ್ರ

ಎರಡು ತಿಂಗಳಿನ ಲೆಕ್ಕ ಹೀಗೆ. ಬಯಲಿನ ಮೇಲೆ ಬಿಟ್ಟು ಸಂಜೆ ದಿನಕ್ಕೆ 250 ಗ್ರಾಂ ಕೈತಿಂಡಿ (ಕಾಳು, ಹಿಂಡಿಯ ಮಿಶ್ರಣ) ಕೊಟ್ಟರೆ ನಾಟಿ ಟಗರುಮರಿ ದಿನಕ್ಕೆ 100 ಗ್ರಾಂ ಆಸುಪಾಸು ಬೆಳೆಯಬಹುದು, 60 ದಿನಕ್ಕೆ 6 ಕೆಜಿ. 26 ಕೆಜಿಗೆ ಕೆಜಿ ರೇಟು ಸ್ವಲ್ಪ ಇಳಿಯುತ್ತದೆ, 340 ಹಿಡಿಯಿರಿ. 8,840 ಆಯಿತು, ಈಗಿನ 7,000ಕ್ಕಿಂತ 1,840 ಹೆಚ್ಚು. ತಿಂಡಿ ಕೆಜಿಗೆ 30 ರೂಪಾಯಿಯಂತೆ 450, ಒಣಮೇವು ದಿನಕ್ಕೆ 5ರಂತೆ 300, ಔಷಧಿ 60. ಹದಿನೆಂಟರಲ್ಲಿ ಒಂದು ಸತ್ತರೆ ಉಳಿದವುಗಳ ಮೇಲೆ ತಲಾ 400ಕ್ಕೂ ಮೀರಿ ಬೀಳುತ್ತದೆ. ಉಳಿಯುವುದು 600 ಚಿಲ್ಲರೆ, ಅದರಲ್ಲಿ ನಿಮ್ಮ ದುಡಿಮೆ ಸೇರಿಲ್ಲ. ಒಂದೂ ಸಾಯದಿದ್ದರೆ ಸಾವಿರ. ತಿಂಡಿ ಇಲ್ಲದೆ ಬರೀ ಮೇಯಿಸಿದರೆ ದಿನಕ್ಕೆ 50 ಗ್ರಾಂ ಬಂದರೆ ಹೆಚ್ಚು, ಬೇಸಿಗೆಯಲ್ಲಿ ಅದೂ ಅನುಮಾನ.

ಆದ್ದರಿಂದ ಲಾಭ ನಿಂತಿರುವುದು ಸಾವು ತಪ್ಪಿಸುವುದರ ಮೇಲೆ. ಕರುಳುಬೇನೆ ಲಸಿಕೆ ಆಗಿರದಿದ್ದರೆ ತಿಂಡಿ ಶುರು ಮಾಡಬೇಡಿ. ಮೊದಲ ಸಲ ಹಾಕಿಸುವ ಮರಿಗೆ ಎರಡು ಮೂರು ವಾರದಲ್ಲಿ ಇನ್ನೊಂದು ಡೋಸ್ ಬೇಕು. ಪಿಪಿಆರ್ (ಕುರಿ, ಮೇಕೆಗೆ ಬರುವ ಅಂಟುರೋಗ) ಲಸಿಕೆಯನ್ನೂ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ತಿಂಡಿ 50 ಗ್ರಾಂನಿಂದ ಆರಂಭಿಸಿ ಹತ್ತು ಹನ್ನೆರಡು ದಿನದಲ್ಲಿ 250ಕ್ಕೆ ಏರಿಸಿ. ಜಂತುನಾಶಕ ಈಗಲೇ ಕುಡಿಸಿ. ಮಾರುವ ಹತ್ತಿರ ಕೊಟ್ಟರೆ ಮಾಂಸಕ್ಕೆ ಕೊಯ್ಯುವ ಮುಂಚೆ ಕಾಯಬೇಕಾದಷ್ಟು ದಿನ ಸಿಗುವುದಿಲ್ಲ, ಆ ದಿನಗಳು ಬಾಟಲಿಯ ಮೇಲೆ ಬರೆದಿರುತ್ತವೆ.

ನನ್ನ ಮಾತು ಕೇಳುವುದಾದರೆ: ಕೆಳಗಿನ ಗುಂಪನ್ನು, ಅಂದರೆ 18–20 ಕೆಜಿಯವನ್ನು ಈಗ ಕೊಡಿ. ಮೇಲಿನ 21–23 ಕೆಜಿಯವು ಬೆಳೆಯುವ ಮೈಯವು, ಮೇವು ಇದ್ದರೆ ಅವನ್ನು ಇಟ್ಟುಕೊಳ್ಳಿ. ವ್ಯಾಪಾರಿ ಮೇಲಿನವನ್ನೇ ಕೇಳುತ್ತಾನೆ. ಬಿಡಬೇಡಿ.

ಕಣ್ಣಳತೆ

ಕೊನೆಯ ಮಾತಿಗೆ ಒಂದು ತಿದ್ದುಪಡಿ. ಕೆಳಗಿನ ಗುಂಪು ಮಾತ್ರ ಕೊಟ್ಟರೆ ಜೋಡಿ 14,000 ಸಿಗಲ್ಲ, ಅದು ಹದಿನೆಂಟಕ್ಕೆ ಹೇಳಿದ ರೇಟು. ಕೆಜಿಗೆ ಅದೇ 350 ಬಂದರೆ 19 ಕೆಜಿ ಸರಾಸರಿಗೆ ಜೋಡಿ 13,300. ಅದರಿಂದ ಮಾತು ಶುರು ಮಾಡಿ.

ಹೆಣ್ಣುಮರಿಗೆ ಕೆಜಿ ಲೆಕ್ಕ ಹಾಕಬೇಡಿ. ತಾಯಿ ಜೋಡಿಮರಿ ಹಾಕಿದ್ದರೆ, ಹಾಲು ಚೆನ್ನಾಗಿದ್ದರೆ, ಮಂದೆ ಕಟ್ಟೋರು ತಲೆ ಲೆಕ್ಕದಲ್ಲಿ ಕೊಡ್ತಾರೆ. ಅವರು ಸಂತೆಗಿಂತ ಹಟ್ಟಿಗೆ ಬಂದು ತಾಯಿ ನೋಡಿಯೇ ತಗೊಳ್ಳೋದು. ಸಂತೆಯಲ್ಲಿ ತಾಯಿ ಕಾಣಲ್ಲ, ಅಲ್ಲಿ ಅದು ಬರೀ ಮಾಂಸ.

ಹಳೇ ಕುರಿಗೆ ಮಾಂಸದ ಲೆಕ್ಕವೇ, ಆದರೆ ನೂರಕ್ಕೆ 40–43 ಭಾಗ ಬಿದ್ದರೆ ಹೆಚ್ಚು, ಮಾಂಸವೂ ಗಡುಸು, ಹಾಗಾಗಿ ಕೆಜಿ ರೇಟು ಟಗರಿಗಿಂತ ಸಾಕಷ್ಟು ಕೆಳಗೆ. ಕೊಡೋ ಮುಂಚೆ ಎರಡು ನೋಡಿ. ಗಬ್ಬ ಇದೆಯಾ ಅಂತ ಡಾಕ್ಟರ್ ಹತ್ತಿರ ತೋರಿಸಿ, ಇದ್ದರೆ ಈದ ಮೇಲೆ ಮರಿ ಜೊತೆ ಕೊಟ್ಟರೆ ಬೆಲೆಯೇ ಬೇರೆ. ಬಾಯಿ ಬಿಚ್ಚಿ ಹಲ್ಲು ನೋಡಿ. ಎಂಟು ಹಲ್ಲು ಕೂಡಿ ಗಟ್ಟಿಯಾಗಿದ್ದರೆ ಇನ್ನೊಂದೆರಡು ಸೂಲು ಇರುತ್ತೆ, ಸಾಕೋರಿಗೆ ಕೇಳಿ. ಹಲ್ಲು ಸಂದು ಬಿಟ್ಟಿದ್ದರೆ, ಉದುರಿದ್ದರೆ, ಮೇಯೋಕೆ ಆಗದೆ ವಾರ ವಾರಕ್ಕೂ ಇಳಿಯುತ್ತೆ. ಅಂಥದ್ದನ್ನು ಶ್ರಾವಣಕ್ಕೆ ಮುಂಚೆ, ಮೈ ಮೇಲೆ ಮಾಂಸ ಇದ್ದಾಗಲೇ ಊರ ಅಂಗಡಿಯವರಿಗೆ ಹಟ್ಟಿಯಲ್ಲೇ ಕೊಟ್ಟುಬಿಡಿ. ನಾಲ್ಕು ಕುರಿಗೆ ಗಾಡಿ ಮಾಡಿ ಸಂತೆಗೆ ಹೋದರೆ ಬಾಡಿಗೆಯೇ ತಲಾ 600 ದಾಟುತ್ತೆ.